ಓಣಿಯಲ್ಲಿ ಎಲ್ಲರಿಗೂ ಒಂದೇ ಅಳತೆಯ ಮನೆ

ಕೀರ್ತಿಯ ಓಣಿ ಯಾವ ನಕಾಶೆಯಲ್ಲೂ ಇರಲಿಲ್ಲ. ಪರದೇಶದಲ್ಲಿ, ಟೋಟೆಮ್ ಲೇಕ್ ಎಂಬಲ್ಲಿನ ಅಪಾರ್ಟ್‌ಮೆಂಟೊಂದರ ಎರಡನೇ ಮಹಡಿಯಲ್ಲಿ, ಅಡುಗೆಮನೆಗೂ ಬಾಲ್ಕನಿಗೂ ನಡುವೆ ಮಡಚುವ ಮೇಜೊಂದಿತ್ತು. ಅದರ ಮೇಲಿದ್ದ ಕಂಪ್ಯೂಟರಿನೊಳಗೆ ಹೊಕ್ಕರೆ ಓಣಿಯ ಬಾಗಿಲು ತೆರೆಯುತ್ತಿತ್ತು. ಮೊದಲು ಸಿಗುವುದು ಕಟ್ಟೆ. ಮಸ್ಕತ್‌ನಲ್ಲಿ ಕೂತವರು, ಮೈಸೂರಿನಲ್ಲಿ ಕೂತವರು, ಇಲ್ಲೇ ರೆಡ್ಮಂಡಿನಲ್ಲಿ ಆಫೀಸಿನ ಕೆಲಸ ಮಾಡುವಂತೆ ನಟಿಸುತ್ತ ಕೂತವರು, ಎಲ್ಲರೂ ಅಲ್ಲಿ ಸೇರಿ ಕನ್ನಡದಲ್ಲಿ ಹರಟೆ ಹೊಡೆಯುತ್ತಿದ್ದರು. ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂಬಲ್ಲಿಂದ ಹಿಡಿದು ದೇವರಿದ್ದಾನೆಯೇ ಎಂಬಲ್ಲಿಯವರೆಗೆ ಅಲ್ಲಿ ಇತ್ಯರ್ಥವಾಗದ ವಿಷಯಗಳೇ ಹೆಚ್ಚು. ಕಟ್ಟೆ ದಾಟಿದರೆ ಎರಡೂ ಬದಿಗೆ ಮನೆಗಳು. ಮನೆ ಎಂದರೆ, ಕೀರ್ತಿ ತಾನು ಬಾಡಿಗೆಗೆ ಹಿಡಿದಿದ್ದ ಸರ್ವರಿನಲ್ಲಿ ಕೇಳಿದವರಿಗೆಲ್ಲ ಬಿಟ್ಟುಕೊಟ್ಟ ಜಾಗ. ಫೋಟೊ, ಪದ್ಯ, ಅಡುಗೆ, ರಂಗೋಲಿ, ಅಲ್ಲಿ ಅವರು ಏನು ಬೇಕಾದರೂ ಇಟ್ಟುಕೊಳ್ಳಬಹುದಿತ್ತು.

ಇದು 2005ರ ಮಾತು. ಆಗ ಸ್ವಂತದ್ದೊಂದು ವೆಬ್‌ಸೈಟ್ ಇರುವುದೆಂದರೆ ಹಿತ್ತಲಲ್ಲಿ ಸ್ವಂತ ಬಾವಿ ಇದ್ದ ಹಾಗೆ. ಇಲ್ಲದವರು ಇದ್ದವರನ್ನು ಕೇಳಬೇಕು. ಕೀರ್ತಿಯನ್ನು ಕೇಳಿದರೆ ಸಾಕು, ಆಗದು ಎನ್ನುವ ಮಾತೇ ಅವಳ ಬಾಯಿಂದ ಬರುವುದಿಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು.

ಅದಕ್ಕೆ ಕಾರಣ ಅಜ್ಜಿ. ರೋಣದಲ್ಲಿ ಅಜ್ಜಿ ಬಸವ್ವನ ತೊಡೆಯ ಮೇಲೆ ಕತೆ ಕೇಳುತ್ತ ಬೆಳೆದ ಹುಡುಗಿ ಕೀರ್ತಿ. ಕತೆ ಕೇಳುವವರು ಹೂಂಗುಟ್ಟಬೇಕು, ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ಹಾಗಾಗಿ ಮಾತು ಕಲಿಯುವ ಮೊದಲೇ ಅವಳು ಹೂಂ ಎನ್ನುವುದನ್ನು ಕಲಿತಿದ್ದಳು. ಅವಳಿಗೆ ತೀರ ಇಷ್ಟವಾದದ್ದು ಗುಬ್ಬಿಯ ಕತೆ. ಬಿರುಗಾಳಿಯ ದಿನ ಬನ್ನಿಮರದ ಗೂಡಿಗೆ ಒಂದೊಂದೇ ಹಕ್ಕಿ ಬಂದು, “ಗುಬ್ಬವ್ವಾ ಗುಬ್ಬವ್ವಾ, ಒಂದೀಟು ಜಾಗಾ ಕೊಡs” ಎನ್ನುತ್ತಿತ್ತು. ಗುಬ್ಬಿ “ಬಾ” ಅಂದಾಗಲೆಲ್ಲ ಗೂಡು ಒಂದು ಗೇಣು ಬೆಳೆಯುತ್ತಿತ್ತು. ಕಡೆಗೆ ನವಿಲು ಬಂತು. ಅದೂ ಬಾಲ ಸಮೇತ ಹಿಡಿಸಿತು.

ಗಂಡ ವಿನಯನ ವೀಸಾದ ಬೆನ್ನಿಗೆ ಬಂದವಳಿಗೆ ಇಲ್ಲಿ ಕೆಲಸ ಮಾಡುವ ಹಕ್ಕಿರಲಿಲ್ಲ. ಅವನು ಬೆಳಗ್ಗೆ ರೆಡ್ಮಂಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅಷ್ಟು ಉದ್ದದ ಹಗಲಿನಲ್ಲಿ ಅವಳು ಓಣಿ ಕಟ್ಟಿದಳು. ಬಂದವರಿಗೆಲ್ಲ ಬಾ ಎಂದಳು. ತನ್ನ ನಾಯಿಯ ಹೆಸರಿನಲ್ಲೊಬ್ಬ ಮನೆ ಕೇಳಿದ, ಕೊಟ್ಟಳು. ರಮೇಶ್ ಎಂಬಾತ ಮೊದಲನೆಯದು ತುಂಬಿತೆಂದು ಎರಡನೆಯದು ಕೇಳಿದ, ಅದನ್ನೂ ಕೊಟ್ಟಳು. ಹೊರಗೆ ಅವಳು ವಿನಯನ ಹೆಂಡತಿ. ಓಣಿಯಲ್ಲಿ ಮಾತ್ರ ಕೀರ್ತಕ್ಕ.

ಆ ಸೋಮವಾರ ಸರ್ವರ್ ಕಂಪನಿಯಿಂದ ಮೇಲ್ ಬಂತು. ನಿಮ್ಮ ಜಾಗ ಮಿತಿಮೀರಿ ತುಂಬಿದೆ, ಅದೇ ಯಂತ್ರ ಹಂಚಿಕೊಂಡಿರುವ ಬೇರೆಯವರಿಗೆ ತೊಂದರೆಯಾಗುತ್ತಿದೆ, ಶುಕ್ರವಾರ ಸಂಜೆಯೊಳಗೆ ಅರ್ಧ ಖಾಲಿ ಮಾಡದಿದ್ದರೆ ನಿಮ್ಮ ಖಾತೆಯನ್ನೇ ಮುಚ್ಚುತ್ತೇವೆ. ಇಷ್ಟೇ. ಕೋಪವೂ ಇರಲಿಲ್ಲ, ಕನಿಕರವೂ ಇರಲಿಲ್ಲ.

ಸಂಜೆ ವಿನಯ ಬಂದಾಗ ಅವಳು ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು.

“ಏನಾತು? ರೊಟ್ಟಿ ಹೊತ್ತಾಕತ್ತೈತಿ, ನೀ ಯಾವ ಲೋಕದಾಗ ಇದ್ದಿ?”

“ಓಣಿ ಮುಚ್ಚತಾರಂತ್ರೀ.”

ಅವನು ರೊಟ್ಟಿ ತಿರುವಿ ಹಾಕಿ, ಮೇಲ್ ಓದಿ, ಅವಳ ಪಕ್ಕ ಕೂತ. “ಇನ್ನೂ ದೊಡ್ಡ ಜಾಗ ಹಿಡಿಯೂಣೇನು?”

“ಎರಡ ಸಲ ಹಿಡಿದೇವಲ್ಲ. ದೊಡ್ಡದಾದಂಗ ತುಂಬಕೋತ ಹೋಗತೈತಿ.”

“ಹಂಗಾರ ಒಬ್ಬೊಬ್ಬರಿಗೆ ಇಷ್ಟs ಅಂತ ಹೇಳು. ನಮ್ಮ ಆಫೀಸಿನ್ಯಾಗ ಮೇಲ್‌ಬಾಕ್ಸಿಗೂ ಮಿತಿ ಐತಿ. ಯಾರೂ ಅತ್ತಿಲ್ಲ.”

“ಅದು ಆಫೀಸು ರೀ. ಇದು ಓಣಿ. ಬಾಗಲಿಗೆ ಬಂದವರ ಮುಂದ ಅಳತೀ ಪಟ್ಟಿ ಹಿಡಿದು ನಿಲ್ಲಲೇನು?”

“ನಿಲ್ಲಬ್ಯಾಡ. ಶುಕ್ರವಾರ ಎಲ್ಲಾರೂ ಕೂಡೇ ಬೀದಿಗೆ ಬೀಳ್ತಾರ, ನೀನೂ ಸೇರಿ.” ಹಾಗೆಂದವನೇ ಅವಳ ಮುಖ ನೋಡಿ, “ಚಾಷ್ಟಿ ಮಾಡಿದೆ. ಊಟಾ ಮಾಡೂಣ ಬಾ,” ಎಂದ.

ಊಟದ ಮೇಲೆ ಅವಳು ಮನೆಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಹೋದಳು. ಸಣ್ಣಪುಟ್ಟವು ಬಹಳ. ಉಬ್ಬಿ ಓಣಿಗೆಲ್ಲ ಅಡ್ಡ ನಿಂತಿದ್ದ ಮನೆಯ ಬಾಗಿಲಿಗೆ ಬಂದು ಹೆಸರು ನೋಡಿದಳು. ಅದು ಚಿಕ್ಕತಾಯಮ್ಮನದು.

ಚಿಕ್ಕತಾಯಮ್ಮ ಮದ್ದೂರಿನ ಕಡೆಯ ಹಳ್ಳಿಯವರು. ಮೊಮ್ಮಗನನ್ನು ನೋಡಿಕೊಳ್ಳಲು ಲಿನ್‌ವುಡ್‌ನಲ್ಲಿರುವ ಮಗ ಉದಯನ ಮನೆಗೆ ಬಂದಿದ್ದರು. ಅಮ್ಮನಿಗೊಂದು ಮನೆ ಕೊಡಿ, ಊರಲ್ಲಿರುವ ಚಿಕ್ಕಮ್ಮನಿಗೆ ಮಗುವಿನ ವಿಡಿಯೋ ತೋರಿಸಬೇಕಂತೆ ಎಂದು ಉದಯ ಓಣಿಯಲ್ಲಿ ಬರೆದದ್ದೇ ಪರಿಚಯಕ್ಕೆ ನೆಪವಾಯಿತು. ಒಂದು ಶನಿವಾರ ಊಟಕ್ಕೆ ಕರೆದರು. ಕೀರ್ತಿ ಗುರೆಳ್ಳು ಚಟ್ನಿಪುಡಿ ಕಟ್ಟಿಕೊಂಡು ಹೋದಳು. ಅವರು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು, “ಥೂ ನಿನ್ನ, ಇದು ನಮ್ ಹುಚ್ಚೆಳ್ಳು ಕಣ್ ಮಗ! ಬ್ಯಾರೆ ಹೆಸ್ರಿಟ್ಕೊಂಡ್ ಓಡಾಡ್ತೈತೆ,” ಎಂದು ನಕ್ಕ ಕ್ಷಣದಿಂದ ಆ ಮನೆಯಲ್ಲಿ ಅವಳು ಮಗಳು. ಅಜ್ಜಿ ಹೋದ ಮೇಲೆ ಯಾರೂ ಅವಳ ತಲೆಗೆ ಎಣ್ಣೆ ಹಚ್ಚಿರಲಿಲ್ಲ. ಚಿಕ್ಕತಾಯಮ್ಮ ಕೇಳದೆಯೇ ಹಚ್ಚಿದರು, ಹಚ್ಚುತ್ತ ಅವಳ ಕೂದಲನ್ನು ಬೈದರು.

ಈಗ ಅವರಿಗೆ ನಿಮ್ಮದು ಜಾಸ್ತಿಯಾಯಿತು ಎಂದು ಹೇಗೆ ಹೇಳುವುದು?

ಮನೆಯೊಳಗೆ ಕಣ್ಣಾಡಿಸಿದಾಗ ಮಗುವಿನ ವಿಡಿಯೋಗಳು ಕಂಡವು. ಆಮೇಲೆ ಕೋಳಿಗಳು ಕಂಡವು. ನೂರಾರು ಬಿಳಿ ಕೋಳಿಗಳ ಫೋಟೊ. ಅದರ ಹಿಂದೆ ಯಾರದೋ ಇಡೀ ಮದುವೆ, ಅರಿಸಿನದ ಶಾಸ್ತ್ರದಿಂದ ಬೀಗರ ಊಟದವರೆಗೆ. ಅದರಾಚೆ ಯಾವುದೋ ಶಾಲೆಯ ವಾರ್ಷಿಕೋತ್ಸವದ ಡ್ಯಾನ್ಸು. ಚಿಕ್ಕತಾಯಮ್ಮನಿಗೆ ಕೋಳಿ ಫಾರಂ ಇರಲಿಲ್ಲ. ಕೀರ್ತಿ ನೆಟ್ಟಗೆ ಕೂತಳು. ಕಳ್ಳ! ಯಾರೋ ಕಳ್ಳ ಆ ಮುಗ್ಧ ಹೆಂಗಸಿನ ಮನೆಗೆ ಕನ್ನ ಕೊರೆದು, ಕೋಳಿ ಕೂಡಿಹಾಕಿ, ಮದುವೆ ನಡೆಸಿ, ಹುಡುಗರನ್ನು ಕುಣಿಸುತ್ತಿದ್ದಾನೆ. ಏಳು ಕೋಟೆಯ ಆಚೆ ಅಡಗಿದ ಮಾಯಾವಿಯಂತೆ ಅವನು ಅವಳ ಕಣ್ಣಿಗೆ ಕಟ್ಟಿದ. ಭಯವಾಗಬೇಕಿತ್ತು. ಆದರೆ ಅವಳಿಗಾದದ್ದು ಹೇಳಲಾಗದಷ್ಟು ನೆಮ್ಮದಿ. ಕಳ್ಳನನ್ನು ಓಡಿಸಿದರೆ ಜಾಗ ತಾನಾಗಿಯೇ ಖಾಲಿಯಾಗುತ್ತದೆ, ಯಾರಿಗೂ ಆಗದು ಎನ್ನಬೇಕಾಗಿಲ್ಲ.

ಮಂಗಳವಾರ ಅವಳು ಬಸ್ಸು ಹಿಡಿದು ಒಬ್ಬಳೇ ಲಿನ್‌ವುಡ್‌ಗೆ ಹೋದಳು.

ಚಿಕ್ಕತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರೆಕಾಳಿನ ಸಾರಿಗೆ ಖಾರ ರುಬ್ಬುತ್ತಿದ್ದರು. ಮೊಮ್ಮಗ ಎತ್ತರದ ಕುರ್ಚಿಯಲ್ಲಿ ಕೂತು ಚಮಚದಿಂದ ತಟ್ಟೆ ಬಡಿಯುತ್ತಿದ್ದ.

“ಬಾ ಮಗ, ಬಾ. ಒಬ್ಳೇ ಬಂದ್ಯಾ? ಗಂಡ ಎಲ್ಲವ್ನೆ?”

“ಆಫೀಸಿಗೆ ಹೋಗಿದ್ದಾರಮ್ಮಾ. ನಾನು ಬಸ್ಸಲ್ಲಿ ಬಂದೆ. ಗಾಬರಿ ಆಗಬೇಡಿ, ನಿಮ್ಮ ಮನೆಗೆ ಕಳ್ಳ ನುಗ್ಗಿದ್ದಾನೆ.”

ಚಿಕ್ಕತಾಯಮ್ಮ ಮಿಕ್ಸಿ ಆರಿಸಿ ಮೊದಲು ಮೊಮ್ಮಗನನ್ನು ಎತ್ತಿಕೊಂಡರು. “ಯಾವಾಗ? ಎಲ್ಲಿಂದ? ಉದಯಂಗೆ ಫೋನ್ ಮಾಡು!”

“ಈ ಮನೆಗಲ್ಲಮ್ಮಾ, ಕಂಪ್ಯೂಟರಿನ ಮನೆಗೆ. ಅದರೊಳಗೆ ಕೋಳಿ ಸೇರಿಕೊಂಡಿವೆ. ನೂರಾರು.”

“ಯಾವ್ ಬಣ್ಣದವು?”

“ಬಿಳೀವು.”

“ಅಯ್ ನಿನ್ನ!” ಚಿಕ್ಕತಾಯಮ್ಮ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. “ಅದು ನಮ್ ಸಿದ್ದಿ ಅಳಿಯನ್ ಫಾರಂದು. ಎದೆ ಒಡ್ಸಿಬಿಟ್ಯಲ್ಲೇ. ಕಳ್ರಲ್ಲ ಕಣ್ ಮಗ, ನಮ್ಮೋರೆ.”

ಸಿದ್ದಿ ಎಂದರೆ ಊರಿನ ತಂಗಿ ಸಿದ್ದಮ್ಮ. ಮಗುವಿನ ವಿಡಿಯೋ ನೋಡಲು ಇಂಟರ್ನೆಟ್ ಸೆಂಟರಿಗೆ ಹೋಗುತ್ತಿದ್ದವರು.

“ಮದುವೆ ಯಾರದಮ್ಮಾ?”

“ಅಳಿಯನ್ ತಮ್ಮಂದು. ಎಷ್ಟ್ ಚೆನ್ನಾಗ್ ಮಾಡವ್ರೆ ನೋಡ್ದಾ? ಬೀಗ್ರೂಟಕ್ಕೆ ಊರೇ ಬಂದಿತ್ತಂತೆ.”

“ಶಾಲೆ ಡ್ಯಾನ್ಸು?”

ಚಿಕ್ಕತಾಯಮ್ಮ ಸ್ವಲ್ಪ ಯೋಚಿಸಿದರು. “ಅಳಿಯನ್ ದೋಸ್ತ ಒಬ್ಬ ಮೇಷ್ಟ್ರವ್ನೆ. ಅವ್ನಿಗೂ ಬೀಗದ್ ಕೈ ಕೊಟ್ಟಿರ್ಬೇಕು.”

“ಅಮ್ಮಾ, ಆ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ ಅಂತ ಹೇಳಿದ್ದೆನಲ್ಲ.”

“ಯಾರ್ಗ್ ಕೊಟ್ಟೆ? ಯಾರ್ಗೂ ಕೊಟ್ಟಿಲ್ಲ. ಸಿದ್ದಿಗ್ ಕೊಟ್ಟೆ.”

ಅವರ ಮುಖದಲ್ಲಿ ಕಪಟದ ಎಳೆಯೂ ಇರಲಿಲ್ಲ. ತಂಗಿಗೆ ಕೊಡುವುದು ಕೊಟ್ಟ ಹಾಗಲ್ಲ, ತಂಗಿ ಅಳಿಯನಿಗೆ ಕೊಡುವುದು ಕೊಟ್ಟ ಹಾಗಲ್ಲ. ಹೀಗೆ ಒಬ್ಬರೂ ಕೊಡದೆಯೇ ಬೀಗದ ಕೈ ಅರ್ಧ ತಾಲೂಕು ಸುತ್ತಿತ್ತು. ಕೀರ್ತಿ ತಾನು ಕಟ್ಟಿದ ಕಳ್ಳ ಕಣ್ಣೆದುರೇ ಹೊಗೆಯಾಗಿ ಹೋದದ್ದನ್ನು ನೋಡಿದಳು. ಇನ್ನು ಮಾತನ್ನು ತಾನೇ ಆಡಬೇಕಿತ್ತು.

ಆಡಿದಳು. ಕಂಪನಿಯ ಮೇಲ್, ಶುಕ್ರವಾರದ ಗಡುವು, ಮುಚ್ಚಿದರೆ ಎಲ್ಲರ ಮನೆಯೂ ಒಟ್ಟಿಗೇ ಹೋಗುವುದು, ಎಲ್ಲವನ್ನೂ ನೆಲ ನೋಡುತ್ತ ಹೇಳಿದಳು.

“ಅದ್ಕೇನೀಗ,” ಎಂದರು ಚಿಕ್ಕತಾಯಮ್ಮ. “ಕೋಳಿ ತಗ್ಸಾಕ್ತೀನಿ. ಮದ್ವೇನೂ ತೆಗೀಲಿ, ಮುಗ್ದೋಗಿರೋ ಮದ್ವೆ.”

“ಅಷ್ಟೇ ಸಾಲಲ್ಲಮ್ಮಾ. ಪುಟ್ಟನ ವಿಡಿಯೋನೂ ಬಹಳ ಇವೆ. ಒಂದೊಂದೂ ಭಾರೀ ಗಾತ್ರದ್ದು. ಒಂದಿಟ್ಟುಕೊಂಡು...”

ಚಿಕ್ಕತಾಯಮ್ಮ ಮೊಮ್ಮಗನನ್ನು ಮತ್ತೆ ಎತ್ತರದ ಕುರ್ಚಿಗೆ ಕೂರಿಸಿದರು.

“ಕೂಸಿಂದೂ ತೆಗೀಬೇಕಾ,” ಎಂದರು ಚಿಕ್ಕತಾಯಮ್ಮ ಮೆಲ್ಲಗೆ. “ಸಿದ್ದಿಗೆ ಮಕ್ಳು ಮರಿ ಅಂದ್ರೆ ಪ್ರಾಣ. ಇದ್ನ ಇನ್ನೂ ಎತ್ಕಂಡಿಲ್ಲ ಅವ್ಳು. ಅದ್ರಾಗೇ ಎತ್ಕಳದು.” ಮಗುವಿನ ಬಾಯಿ ಒರೆಸಿದರು. ಆಮೇಲೆ ಕೇಳಿದರು: “ಆಯ್ತು ಕಣವ್ವ. ನಂದು ದೊಡ್ಡದು. ನಿಂದೆಷ್ಟು? ಓಣಿಯಾಗೆಲ್ಲ ದೊಡ್ ಮನೆ ಯಾರ್ದು?”

ಮಗ ಎನ್ನುತ್ತಿದ್ದವರು ಕಣವ್ವ ಎಂದಿದ್ದರು. ಬಡಿಸುವವರು ತಮ್ಮ ಎಲೆಯನ್ನು ಪಂಕ್ತಿಗೆ ಎಣಿಸುವುದಿಲ್ಲವಲ್ಲ, ಹಾಗೆ ಅವಳು ಎಲ್ಲರ ಮನೆ ತೆರೆದು ನೋಡಿ ತನ್ನದನ್ನು ಮಾತ್ರ ದಾಟಿ ಹೋಗಿದ್ದಳು. ಅಲ್ಲಿ ಅಜ್ಜಿ ಇದ್ದಳು. ಅಣ್ಣ ಕಲ್ಮೇಶ್ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ ಅಜ್ಜಿಯ ಕತೆಗಳೆಲ್ಲ ಕಂಪ್ಯೂಟರಿಗಿಳಿದು, ಒಂದಿಷ್ಟೂ ಕುಗ್ಗಿಸದೆ, ಮೈ ಚಾಚಿ ಮಲಗಿದ್ದವು. ಕುಗ್ಗಿಸಿದರೆ ಗಾತ್ರ ಹತ್ತರಲ್ಲೊಂದು ಪಾಲಾಗುತ್ತಿತ್ತು. ವಿನಯ ಹೇಳಿ ಹೇಳಿ ಸೋತಿದ್ದ.

“ನಂದೇ,” ಎಂದಳು.

ಚಿಕ್ಕತಾಯಮ್ಮ ಒಲೆಯ ಕಡೆ ತಿರುಗಿ, “ಉಂಡ್ಕಂಡ್ ಹೋಗು,” ಎಂದರು. ಕೀರ್ತಿ ಉಂಡಳು. ಸಾರು ಎಂದಿನಂತೆಯೇ ರುಚಿಯಾಗಿತ್ತು. ಇನ್ನೊಂದು ಮುದ್ದೆ ಹಾಕಿಸಿಕೋ ಎಂದು ಯಾರೂ ಒತ್ತಾಯಿಸಲಿಲ್ಲ.

ಬಸ್ಸಿನಲ್ಲಿ ಕಿಟಕಿಗೆ ಹಣೆ ಒರಗಿಸಿ ಅವಳು ಗುಬ್ಬಿಯ ಗೂಡನ್ನು ನೆನೆದಳು. ನವಿಲು ಬಂದ ಮೇಲೆ ಗುಬ್ಬಿ ಎಲ್ಲಿ ಕೂತಿತು ಎಂದು ಅಜ್ಜಿಯನ್ನು ತಾನು ಯಾವತ್ತೂ ಕೇಳಿಯೇ ಇರಲಿಲ್ಲ. ಕೇಳಿದ್ದರೆ ಅಜ್ಜಿ ಕೊಂಬೆ ಎನ್ನುತ್ತಿದ್ದಳೋ, ನಡುಮನೆ ಎನ್ನುತ್ತಿದ್ದಳೋ. ತಾನಂತೂ ನಡುಮನೆಯಲ್ಲೇ ರೆಕ್ಕೆ ಹರಡಿ ಕೂತು ಹಕ್ಕಿಗಳ ಗಾತ್ರ ನೋಡುತ್ತಿದ್ದೆ ಎನ್ನಿಸಿ ಅವಳಿಗೆ ನಾಚಿಕೆಯಾಯಿತು.

ಬುಧವಾರ ಬೆಳಗ್ಗೆ ವಿನಯ ಹೊರಟ ಮೇಲೆ ಅವಳು ಅಜ್ಜಿಯ ಎದುರು ಕೂತಳು. ಒಂದು ಕತೆಯನ್ನು ಕುಗ್ಗಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹಳೆಯದನ್ನೂ ಹೊಸದನ್ನೂ ಒಂದಾದ ಮೇಲೊಂದು ಕೇಳಿದಳು. ಹಳೆಯದರಲ್ಲಿ ಅಜ್ಜಿ ಬತ್ತಿ ಹೊಸೆಯುತ್ತ ಕತೆ ಹೇಳುವಾಗ ಬಳೆ ಕಿಣಿಗುಟ್ಟುವುದು ಸ್ಪಷ್ಟವಾಗಿತ್ತು. ಹೊಸದರಲ್ಲಿ ಬಳೆ ದೂರ ಹೋಗಿತ್ತು, ಪಕ್ಕದ ಮನೆಯವರ ಬಳೆಯಂತೆ. ಅವಳಿಗೆ ಅಳು ಬಂತು. ಅಳುತ್ತಲೇ ಕೇಳಿದಳು. ಕತೆ ಎಲ್ಲೂ ಕಡಿಮೆಯಾಗಿರಲಿಲ್ಲ. ರಾಜಕುಮಾರಿ ಇದ್ದಳು, ಅವಳನ್ನು ಬೈಯುವ ಮುದುಕಿ ಇದ್ದಳು, ನಡುವೆ ಅಜ್ಜಿ “ಹೂಂ ಅನ್ನs, ನಿದ್ದಿ ಬಂತೇನು?” ಎಂದು ಗದರಿದ್ದೂ ಇತ್ತು. ಕೀರ್ತಿ ಹೂಂ ಎಂದಳು. ದೊಡ್ಡ ಕತೆಗಳನ್ನೆಲ್ಲ ಸೀಡಿಗೆ ಇಳಿಸಿ ಅಲಮಾರಿಯಲ್ಲಿ ಸೀರೆಗಳ ನಡುವೆ ಇಟ್ಟಳು. ಓಣಿಯ ಮನೆಯಲ್ಲಿ ಚಿಕ್ಕವನ್ನು ಇಟ್ಟಳು. ಅವೂ ಎಲ್ಲ ಹಿಡಿಸಲಿಲ್ಲ. ಕೆಲವನ್ನು ಬಿಟ್ಟಳು.

ಆಮೇಲೆ ಕಟ್ಟೆಯ ಮೇಲೆ ಬರೆದಳು:

“ಓಣಿಯವರೇ, ಇಂದಿನಿಂದ ನಮ್ಮಲ್ಲಿ ಎಲ್ಲ ಮನೆಗಳಿಗೂ ಒಂದೇ ಅಳತೆ. ಒಬ್ಬರಿಗೆ ಒಂದೇ ಮನೆ. ಅಳತೆ ಎಷ್ಟು ಎನ್ನುವುದು ಕೆಳಗಿದೆ. ನನ್ನ ಮನೆಯೇ ಎಲ್ಲಕ್ಕಿಂತ ದೊಡ್ಡದಿತ್ತು, ಅದನ್ನು ಮೊದಲು ಕಡಿಮೆ ಮಾಡಿದ್ದೇನೆ, ಬಂದು ನೋಡಬಹುದು. ಬೇಕಾದ್ದನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಗೊತ್ತಾಗದಿದ್ದರೆ ಕೇಳಿ, ಹೇಳಿಕೊಡುತ್ತೇನೆ. ಶುಕ್ರವಾರ ಮಧ್ಯಾಹ್ನದೊಳಗೆ ನೀವು ಮಾಡದಿದ್ದರೆ ನಾನೇ ಮಾಡಬೇಕಾಗುತ್ತದೆ. ಇಲ್ಲದಿದ್ದರೆ ಇಡೀ ಓಣಿಯೇ ಮುಚ್ಚುತ್ತದೆ. ಬೈಯುವವರು ಬೈಯಬಹುದು. ಅದಕ್ಕೆ ಮಿತಿ ಇಲ್ಲ.”

ಬೈದರು. “ಕೀರ್ತಕ್ಕ ಮುನಿಸಿಪಾಲಿಟಿ ಆಗ್ಬಿಟ್ರು,” ಎಂದನೊಬ್ಬ. “ಮನೆಗಂದಾಯ ಯಾವಾಗಿಂದ ಅಕ್ಕಾ?” ಎಂದ ಇನ್ನೊಬ್ಬ. ರಮೇಶ್, “ನನ್ನ ಎರಡನೇ ಮನೆ ನಮ್ಮತ್ತೆ ಹೆಸರಲ್ಲಿದೆ, ಅವರಿಗೆ ನೀವೇ ಹೇಳ್ತೀರಾ? ನನಗೆ ಧೈರ್ಯ ಇಲ್ಲ,” ಎಂದು ಬರೆದ. ಮಸ್ಕತ್‌ನ ರುಕ್ಮಿಣಿ ಎಂಬಾಕೆ ಎಲ್ಲರಿಗಿಂತ ಮೊದಲು ಮನೆ ಗುಡಿಸಿ, “ನನ್ನ ಸೀರೆ ಫೋಟೊಗಳನ್ನು ನಮ್ಮ ಯಜಮಾನರೂ ನೋಡ್ತಿರಲಿಲ್ಲ ಬಿಡಿ ಕೀರ್ತಿ,” ಎಂದರು. ನಾಯಿಯ ಹೆಸರಲ್ಲಿ ಮನೆ ಹಿಡಿದವನು ಮಾತ್ರ, ಪ್ರೀತಿಗೆ ಅಳತೆ ಇಡುವ ಓಣಿ ನನಗೆ ಬೇಡ ಎಂದು ಬರೆದು ಬಾಗಿಲು ಹಾಕಿಕೊಂಡು ಹೋದ. ಕೀರ್ತಿ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ನೋವಾಯಿತು. ಆದರೆ ನೋವಾದ ಮೇಲೂ ಅಕ್ಕಿ ತೊಳೆಯಬೇಕಿತ್ತು, ತೊಳೆದಳು.

ಗುರುವಾರ ಲಿನ್‌ವುಡ್‌ಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಸಂಜೆ ಮತ್ತೆ ಮಾಡಿದಳು. ಚಿಕ್ಕತಾಯಮ್ಮನ ಮನೆಯಲ್ಲಿ ಕೋಳಿಯೂ ಇತ್ತು, ಮದುವೆಯೂ ಇತ್ತು, ಮಗುವೂ ಇತ್ತು. ಒಂದೂ ಕದಲಿರಲಿಲ್ಲ.

“ಅವರದೊಂದು ಬಿಟ್ಟು ಉಳಿದೋರದು ಇನ್ನೊಂದೀಟು ಕಡಿಮಿ ಮಾಡಿದ್ರ ಹೆಂಗರೀ?” ಎಂದಳು ಗಂಡನಿಗೆ.

ವಿನಯ ಅವಳು ಕಟ್ಟೆಯ ಮೇಲೆ ಬರೆದದ್ದನ್ನು ತೋರಿಸಿದ. “ಹಂಗ ಮಾಡಬಹುದು. ಆದ್ರ ಎಲ್ಲಾರಿಗೂ ಒಂದs ಅಳತಿ ಅಂತ ನೀನs ಬರದಿ. ರಮೇಶನ ಅತ್ತೀಗೆ ಏನಂತ ಹೇಳ್ತಿ?”

ಶುಕ್ರವಾರ ಬೆಳಗ್ಗೆ ಅವಳು ಮಗುವಿನ ವಿಡಿಯೋಗಳನ್ನೆಲ್ಲ ಒಂದೂ ತಪ್ಪದಂತೆ ಸೀಡಿಗೆ ಇಳಿಸಿದಳು. ಮೇಲೆ ಚಿಕ್ಕತಾಯಮ್ಮನವರಿಗೆ ಎಂದು ಬರೆದಳು. ಇನ್ನು ಅಳಿಸುವುದೊಂದು ಉಳಿದಿತ್ತು. ಒಂದು ಗುಂಡಿ ಒತ್ತಿದರೆ ಮುಗಿಯುತ್ತಿತ್ತು. ಆ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಅವಳು ಕೂತಿದ್ದಾಗ ಬಾಗಿಲ ಗಂಟೆ ಸದ್ದು ಮಾಡಿತು.

ಚಿಕ್ಕತಾಯಮ್ಮ ನಿಂತಿದ್ದರು, ಸೀರೆಯ ಮೇಲೆ ಉದಯನ ಜಾಕೆಟ್ಟು, ಕಂಕುಳಲ್ಲಿ ಮೊಮ್ಮಗ.

“ಉದಯ ಆಫೀಸಿಗೋಯ್ತಾ ಇಳ್ಸೋದ. ಹಿಡಿ ಇದ್ನ, ಕೈ ಬಿದ್ದೋಯ್ತು.” ಮಗುವನ್ನು ಅವಳ ಕೈಗೆ ಹಾಕಿ ಒಳಗೆ ಬಂದು ಕೂತರು. “ಸಿಟ್ಟೋಗಿಲ್ಲ. ಅದ್ಕೇ ಫೋನ್ ಎತ್ಲಿಲ್ಲ. ಸಿಟ್ಟೋಗ್ಲಿ ಅಂತ ಕಾದ್ರೆ ಶುಕ್ರವಾರ ಕಳ್ದೋಯ್ತದೆ ಅಂತ ಸಿಟ್ ಇಟ್ಕಂಡೇ ಬಂದೆ.”

“ಬೈಯಿರಿ ಅಮ್ಮಾ.”

“ಬೈತೀನಿ, ತಡಿ. ನಮ್ ಮಾವ ನೀರ್‌ಗಂಟಿ ಆಗಿದ್ರು, ಗೊತ್ತಾ ನಿಂಗೆ? ಕೆರೆ ತೂಬು ಎತ್ತದು, ಇಳ್ಸದು, ಯಾರ್ ಗದ್ದೆಗೆ ಯಾವತ್ತು ನೀರು ಅನ್ನದು, ಎಲ್ಲ ಅವ್ರದೇ. ಬೇಸ್ಗೇಲಿ ದಿನಾ ಬೈಸ್ಕಂಡ್ ಬರೋರು. ನಮ್ಮತ್ತೆಗೆ ಒಬ್ನೇ ಅಣ್ಣ. ಅವನ್ ಗದ್ದೆ ಒಣಗ್ತಿದ್ರೂ ಸರದಿ ಬರೋಗಂಟ ಒಂದ್ ಹನಿ ಬಿಡ್ತಿರ್ಲಿಲ್ಲ. ನಮ್ಮತ್ತೆ ಗಂಡನ್ ಕೂಡೆ ಮಾತೇ ಬಿಟ್ಬಿಟ್ರು.”

“ಆಮೇಲೆ?”

“ಆಮೇಲೇನು? ಸರದಿ ಬಂತು, ಗದ್ದೆಗ್ ನೀರ್ ಬಂತು, ಬಾಯಿಗ್ ಮಾತ್ ಬಂತು.” ಚಿಕ್ಕತಾಯಮ್ಮ ಮುಖ ಬೇರೆ ಕಡೆ ತಿರುಗಿಸಿದರು. “ನಿನ್ನೆ ಉದಯ ನಿನ್ ಅಜ್ಜಿ ಕತೆ ಹಾಕ್ದ. ಅದ್ನೂ ಕಮ್ಮಿ ಮಾಡಿದ್ಯಂತಲ್ಲ. ಅಳ್ನಿಲ್ವಾ?”

“ಅತ್ತುಬಿಟ್ಟೆ ಅಮ್ಮಾ.”

“ಹೂಂ. ಅಳ್ಬೇಕು ಮತ್ತೆ.”

ಮಗು ಕೀರ್ತಿಯ ಮಂಗಳಸೂತ್ರ ಹಿಡಿದು ಬಾಯಿಗೆ ಹಾಕಿಕೊಂಡಿತು. ಅವಳ ತಲೆಯಲ್ಲಿ ಸರದಿ ಎಂಬ ಮಾತು ತಿರುಗುತ್ತಿತ್ತು. ಮನೆಗಳು ಚಿಕ್ಕವೇ ಇರಲಿ, ಆದರೆ ಕಟ್ಟೆಯ ಪಕ್ಕದಲ್ಲಿ ಒಂದೇ ಒಂದು ದೊಡ್ಡ ಜಾಗ ಉಳಿಸಬಹುದು. ವಾರಕ್ಕೊಬ್ಬರು ತಮ್ಮ ದೊಡ್ಡದೊಂದನ್ನು ಅಲ್ಲಿ ಇಡಲಿ, ಓಣಿಯೆಲ್ಲ ನೋಡಲಿ, ವಾರ ಮುಗಿದ ಮೇಲೆ ತೆಗೆದು ಮುಂದಿನವರಿಗೆ ಬಿಡಲಿ. ಬಾಯಿಬಿಟ್ಟು ಹೇಳಿದಳು.

ಚಿಕ್ಕತಾಯಮ್ಮನ ಕಣ್ಣು ಮಿಂಚಿತು. “ಅಂಗಾರೆ ಈ ವಾರ ಕೂಸು.”

“ಈ ವಾರ ರುಕ್ಮಿಣಿಯವರದು ಅಮ್ಮಾ. ಅವರೇ ಮೊದಲು ಮನೆ ಖಾಲಿ ಮಾಡಿದ್ದು.”

“ಅವ್ಳಿಗ್ ಕೂಸೈತಾ?”

“ಇಲ್ಲ. ಸೀರೆ ಇವೆ.”

“ಸೀರೆ ಮುಂದೆ ನಮ್ ಕೂಸು ಕಮ್ಮಿಯಾ?”

“ಕಮ್ಮಿ ಅಲ್ಲ. ಆದರೆ ಈ ವಾರ ಆಗಲ್ಲ ಅಮ್ಮಾ.”

ಹೇಳಿದ ಮೇಲೆ ಕೀರ್ತಿಗೇ ಆಶ್ಚರ್ಯವಾಯಿತು. ಮಾತು ಹೊರಗೆ ಬಂದಿತ್ತು, ಮನೆಯ ಮಾಡು ಕುಸಿದಿರಲಿಲ್ಲ. ಚಿಕ್ಕತಾಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, “ನೀನೂ ನೀರ್‌ಗಂಟಿ ಆಗ್ಬಿಟ್ಟೆ ಬಿಡು ಮಗ,” ಎಂದು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. “ತೋರ್ಸು, ಯಾವ್ದು ಇಟ್ಕಳನ.”

ಇಬ್ಬರೂ ನೋಡಿದರು. ಮಗು ಬೋರಲು ಬೀಳುವುದು, ಮಗು ಸೀನುವುದು, ಮಗು ಸುಮ್ಮನೆ ಚಾವಣಿ ನೋಡುವುದು, ಚಾವಣಿ ನೋಡುವ ಮಗುವನ್ನು ಅಜ್ಜಿ ಹಿನ್ನೆಲೆಯಲ್ಲಿ ಹೊಗಳುವುದು. ಕಡೆಗೆ ಮೊದಲ ಸಲ ಮುದ್ದೆ ಬಾಯಿಗೆ ಬಿದ್ದಾಗ ಅದು ಮೂಗು ಗಲ್ಲಕ್ಕೆಲ್ಲ ಮೆತ್ತಿಕೊಂಡು, ಮೋಸ ಹೋದವರಂತೆ ಸುತ್ತ ನೋಡಿದ್ದು ಉಳಿಯಿತು. ಅದನ್ನು ಕುಗ್ಗಿಸಿದ ಮೇಲೂ ಮೋಸ ಹೋದ ಮುಖ ಹಾಗೆಯೇ ಇತ್ತು. ಸಿದ್ದಮ್ಮನಿಗೆ ಬೇಗ ತೆರೆಯುತ್ತದೆ, ಮೊದಲಿನಂತೆ ಸೆಂಟರಿನಲ್ಲಿ ಕಾಯಬೇಕಾಗಿಲ್ಲ ಎಂದು ಕೀರ್ತಿ ಹೇಳಿದಾಗ, “ಅದ್ನ ಮೊದ್ಲೇ ಹೇಳ್ಬಾರ್ದಾ? ಇದ್ ತೆರ್ಕೊಳೋ ಹೊತ್ಗೆ ಅವ್ಳ್ ಬಸ್ಸೇ ಹೊಂಟೋಯ್ತಿತ್ತು,” ಎಂದು ಗೊಣಗಿದರು. ಉಳಿದ ವಿಡಿಯೋಗಳ ಸೀಡಿಯನ್ನು ಕೀರ್ತಿ ಅವರ ಕೈಗಿಟ್ಟು, ಓಣಿಯಿಂದ ಅವನ್ನು ತೆಗೆದಳು. ಕೋಳಿ, ಮದುವೆ, ಡ್ಯಾನ್ಸು ಎಲ್ಲವನ್ನೂ ಚಿಕ್ಕತಾಯಮ್ಮನೇ ಅಳಿಸಿದರು. ಒಂದೊಂದು ಗುಂಡಿ ಒತ್ತುವಾಗಲೂ ಸಿದ್ದಮ್ಮನ ಅಳಿಯನಿಗೆ ಒಂದೊಂದು ಬೈಗುಳ ಬಿತ್ತು.

ಓಣಿಯೆಲ್ಲ ಅಳತೆಗೆ ಬಂದ ಮೇಲೆ ಕೀರ್ತಿ, ಅರ್ಧ ಖಾಲಿ ಮಾಡಿದ್ದೇವೆ ಎಂದು ಕಂಪನಿಗೆ ಬರೆದಳು. ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ ಉತ್ತರ ಬಂತು: ಈಗ ಸರಿಯಿದೆ, ಧನ್ಯವಾದ. ಮೊದಲಿನಂತೆಯೇ ಕೋಪವೂ ಇಲ್ಲ, ಕನಿಕರವೂ ಇಲ್ಲ. ಅವಳು ಎಂಜಲು ಕೈಯಲ್ಲೇ ನಿಂತು ಅದನ್ನು ಗಟ್ಟಿಯಾಗಿ ಓದಿದಳು. ಮಗು ಚಪ್ಪಾಳೆ ತಟ್ಟಿತು, ಯಾಕೆಂದು ಅದಕ್ಕೂ ಗೊತ್ತಿರಲಿಲ್ಲ.

ಕೈ ತೊಳೆದು ಬಂದು ನೋಡಿದರೆ ಕಟ್ಟೆಯ ಮೇಲೆ ಹೊಸಬರೊಬ್ಬರು. ಹೆಸರು ಶೀತಲ್, ಈಗಷ್ಟೇ ಮದುವೆಯಾಗಿ ದೂರದ ಊರಿಗೆ ಬಂದವಳಂತೆ, ಪರಿಚಯದವರು ಯಾರೂ ಇಲ್ಲವಂತೆ. “ಇಲ್ಲಿ ಮನೆ ಕೊಡ್ತಾರೆ ಅಂತ ಕೇಳಿದೆ. ಎಷ್ಟಾಗುತ್ತೋ ಅಷ್ಟು ದೊಡ್ಡದು ಸಿಗಬಹುದಾ?”

“ಪಾಪ, ಕೊಡು ಮಗ,” ಎಂದರು ಬೆನ್ನ ಹಿಂದೆ ನಿಂತಿದ್ದ ಚಿಕ್ಕತಾಯಮ್ಮ.

“ಕೊಡ್ತೀನಮ್ಮಾ. ಎಲ್ಲರಷ್ಟೇ.”

ಕೀರ್ತಿ ಬರೆಯತೊಡಗಿದಳು. ಬಾ ಶೀತಲ್, ಓಣಿಗೆ ಸ್ವಾಗತ. ಇಲ್ಲಿ ಎಲ್ಲರ ಮನೆಗೂ ಒಂದೇ ಅಳತೆ, ಮೊದಲಿಗೆ ಸಣ್ಣದೆನಿಸಬಹುದು, ಕಟ್ಟೆ ಮಾತ್ರ ದೊಡ್ಡದಿದೆ, ಹಗಲೆಲ್ಲ ಅಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

“ಬೀಗದ್ ಕೈ ಯಾರ್ಗೂ ಕೊಡಬ್ಯಾಡ ಅಂತ ಬರಿ,” ಎಂದರು ಚಿಕ್ಕತಾಯಮ್ಮ.

“ಬರೆದೆ.”

“ತಂಗೀಗೂ ಕೊಡಬ್ಯಾಡ ಅಂತ ಬರಿ. ತಂಗಿ ಅಳಿಯಂಗಂತೂ ಕೊಡ್ಲೇಬ್ಯಾಡ ಅಂತ ದೊಡ್ಡ ಅಕ್ಸರ್ದಾಗ್ ಬರಿ.”

ಕೀರ್ತಿ ನಗುತ್ತ ಅದನ್ನೂ ಬರೆದಳು.